ದೇವರಿಗೆ ಬೇಕಾದುದೇನು? ಪ್ರಾಚೀನ ಪರ್ಷಿಯನ್ನರ ಮತ್ತು ಗ್ರೀಕರ ಪೂಜಾ ಪದ್ಧತಿಗಳು

ಕ್ರಿ.ಪೂ. 480ರಲ್ಲಿ ಪರ್ಷಿಯದ ಚಕ್ರವರ್ತಿ ಕ್ಸರ್ಕ್ಸಿಸ್‌ನ ಸೈನ್ಯ ಅಥೆನ್ಸ್ ನಗರವನ್ನು ಹಿಡಿಯಿತು. ಅಕ್ರೊಪೊಲಿಸ್ ಗುಡ್ಡವನ್ನು ಹತ್ತಿ, ಅಲ್ಲಿ ದೇವಿಯ ಮೊರೆಹೊಕ್ಕಿದ್ದವರನ್ನು ಕೊಂದು, ಅಥೀನಾ ದೇವಿಯ ಗುಡಿಯನ್ನು ದೋಚಿ, ಗುಡ್ಡದ ಮೇಲಿದ್ದುದಕ್ಕೆಲ್ಲ ಬೆಂಕಿಯಿಟ್ಟಿತು. ಮರುದಿನ ಅದೇ ಚಕ್ರವರ್ತಿ, ಹಿಂದೆ ಅಥೆನ್ಸಿನಿಂದ ಗಡೀಪಾರಾಗಿ ತನ್ನ ಪಾಳೆಯ ಸೇರಿದ್ದವರನ್ನು ಕರೆಸಿ, ಗುಡ್ಡ ಹತ್ತಿ ನಿಮ್ಮ ಪದ್ಧತಿಯಂತೆ ಬಲಿ ಕೊಟ್ಟು ಬನ್ನಿ ಎಂದು ಆಜ್ಞಾಪಿಸಿದ. ಈ ಪ್ರಸಂಗವನ್ನು ದಾಖಲಿಸಿದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ಗೂ ಇದು ಒಗಟಾಗಿಯೇ ಕಂಡಿತು. ದೊರೆಗೆ ಏನಾದರೂ ಕನಸು ಬಿದ್ದಿತೋ, ಗುಡಿ ಸುಟ್ಟ ಪಶ್ಚಾತ್ತಾಪ ಕಾಡಿತೋ ಎಂದು ಎರಡು ಊಹೆಗಳನ್ನು ಮುಂದಿಟ್ಟು ಅವನು ಕಥೆ ಮುಂದುವರಿಸುತ್ತಾನೆ.

ಈ ಆಜ್ಞೆಯಲ್ಲಿ ನನಗೆ ಮುಖ್ಯವೆನಿಸುವುದು ‘ನಿಮ್ಮ ಪದ್ಧತಿಯಂತೆ’ ಎಂಬ ಭಾಗ. ಅಥೀನಾ ಸುಳ್ಳು ದೇವತೆ ಎಂದು ಕ್ಸರ್ಕ್ಸಿಸ್ ಹೇಳಲಿಲ್ಲ. ಆ ನೆಲದ ದೇವತೆಗೆ ಸಲ್ಲಬೇಕಾದುದು ಸಲ್ಲಲಿ, ಅದರ ಕ್ರಮ ಬಲ್ಲವರೇ ಸಲ್ಲಿಸಲಿ ಎಂದ. ಕೆಲವೇ ತಿಂಗಳ ಹಿಂದೆ, ಗ್ರೀಸಿನತ್ತ ಬರುವ ದಾರಿಯಲ್ಲಿ, ಟ್ರಾಯ್ ಪಟ್ಟಣದ ಅಥೀನಾಳಿಗೆ ಅವನೇ ಸಾವಿರ ಎತ್ತುಗಳನ್ನು ಬಲಿ ಕೊಡಿಸಿದ್ದ. ಅವನ ಪುರೋಹಿತರು ಟ್ರಾಯ್ ಯುದ್ಧದ ವೀರರಿಗೆ ತರ್ಪಣ ಬಿಟ್ಟಿದ್ದರು. ಅದಕ್ಕೂ ಮೊದಲು, ಕ್ರಿ.ಪೂ. 490ರಲ್ಲಿ, ಪರ್ಷಿಯದ ಸೇನಾನಿ ದಾತಿಸ್ ಅಪೊಲೊ ಹುಟ್ಟಿದ ಡೆಲೊಸ್ ದ್ವೀಪವನ್ನು ಮುಟ್ಟದೆ ಬಿಟ್ಟು, ಅಲ್ಲಿಯ ಬಲಿಪೀಠದ ಮೇಲೆ 300 ಟ್ಯಾಲೆಂಟ್ (ಏಳು ಟನ್ನಿಗೂ ಹೆಚ್ಚು) ತೂಕದ ಧೂಪವನ್ನು ಸುಟ್ಟಿದ್ದ.

ಶಾಲೆಯಲ್ಲಿ ನಾವು ಓದಿದ ಚಿತ್ರ ಬೇರೆ: ಪರ್ಷಿಯನ್ನರು ಒಬ್ಬ ದೇವರನ್ನು ನಂಬಿ ಅಗ್ನಿಯನ್ನು ಪೂಜಿಸುತ್ತಿದ್ದರು, ಗ್ರೀಕರು ಹಲವು ದೇವರುಗಳ ವಿಗ್ರಹಗಳನ್ನು ಪೂಜಿಸುತ್ತಿದ್ದರು. ಇದರಲ್ಲಿ ಸತ್ಯದ ಅಂಶವಿದ್ದರೂ ದಾರಿ ತಪ್ಪಿಸುವ ಅಂಶವೇ ಹೆಚ್ಚು. ಎರಡೂ ಕಡೆ ಹಲವು ದೈವಗಳಿದ್ದವು, ಎರಡೂ ಕಡೆ ಬೆಂಕಿ ಪವಿತ್ರವಾಗಿತ್ತು, ಎರಡೂ ಕಡೆ ಪ್ರಾಣಿಬಲಿ ನಡೆಯುತ್ತಿತ್ತು. ದೇವರಿಗೆ ಮನುಷ್ಯನಿಂದ ಬೇಕಾದುದೇನು ಎಂಬ ಪ್ರಶ್ನೆ ಬಂದಾಗ ಮಾತ್ರ ದಾರಿಗಳು ಕವಲೊಡೆಯುತ್ತವೆ. ಬಲಿಯ ಮಾಂಸ ಯಾರಿಗೆ, ಪುರೋಹಿತ ಯಾರು, ಹೆಣವನ್ನು ಏನು ಮಾಡಬೇಕು, ಹಾವು ಪೂಜ್ಯವೋ ವಧ್ಯವೋ ಎಂಬುದೆಲ್ಲ ಆ ಉತ್ತರವನ್ನೇ ಹಿಂಬಾಲಿಸುತ್ತದೆ.

ಇಲ್ಲಿ ಪರ್ಷಿಯನ್ನರು ಎಂದರೆ ಮುಖ್ಯವಾಗಿ ಅಕೆಮೆನಿಡ್ ಸಾಮ್ರಾಜ್ಯದ ಕಾಲದವರು. ಸುಮಾರು ಕ್ರಿ.ಪೂ. 550ರಲ್ಲಿ ಸೈರಸ್ ಕಟ್ಟಿದ ಆ ಸಾಮ್ರಾಜ್ಯ ಕ್ರಿ.ಪೂ. 330ರ ಹೊತ್ತಿಗೆ ಅಲೆಗ್ಸಾಂಡರನ ಕೈಯಲ್ಲಿ ಮುಗಿಯಿತು. ಗ್ರೀಕರು ಎಂದರೆ ಅದೇ ಕಾಲದ ನಗರರಾಜ್ಯಗಳ ಜನ.

ಎರಡು ಬಲಿಗಳು

ಗ್ರೀಕ್ ನಗರದಲ್ಲಿ ಹಬ್ಬದ ದಿನ ಬೆಳಗ್ಗೆ ಮೆರವಣಿಗೆ ಹೊರಡುತ್ತದೆ. ಮುಂದೆ ಒಬ್ಬ ಕನ್ಯೆ ತಲೆಯ ಮೇಲೆ ಬುಟ್ಟಿ ಹೊತ್ತಿರುತ್ತಾಳೆ. ಬುಟ್ಟಿಯಲ್ಲಿ ಬಾರ್ಲಿ ಕಾಳು, ಕಾಳಿನ ಅಡಿಯಲ್ಲಿ ಕತ್ತಿ. ಹೂಮಾಲೆ ತೊಡಿಸಿದ ಎತ್ತು, ಕುರಿ ಅಥವಾ ಹಂದಿ ಹಿಂದೆ ಬರುತ್ತದೆ. ಸಿರಿವಂತ ಹಬ್ಬವಾದರೆ ಎತ್ತಿನ ಕೊಂಬುಗಳಿಗೆ ಚಿನ್ನದ ಲೇಪ. ಕೊಳಲು ನುಡಿಯುತ್ತದೆ. ಗುಡಿಯ ಹೊರಗೆ, ಬಯಲಿನಲ್ಲಿರುವ ಬಲಿಪೀಠದ ಸುತ್ತ ಜನ ನಿಲ್ಲುತ್ತಾರೆ. ಎಲ್ಲರೂ ಕೈತೊಳೆಯುತ್ತಾರೆ, ಪ್ರಾಣಿಯ ತಲೆಯ ಮೇಲೆ ನೀರು ಚಿಮುಕಿಸುತ್ತಾರೆ. ಅದು ತಲೆ ಕೊಡವಿದರೆ ಒಪ್ಪಿಗೆ ಕೊಟ್ಟಂತೆ. ನಮ್ಮ ಹಳ್ಳಿಗಳ ಮಾರಿಹಬ್ಬದಲ್ಲಿ ಕುರಿಯ ಮೇಲೆ ನೀರು ಹಾಕಿ ಅದು ಮೈ ಕೊಡವುವುದನ್ನು ಕಾಯುವವರನ್ನು ಕಂಡವರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ. ಕಾಳು ಎರಚಿ, ಹಣೆಯ ಕೂದಲು ಕತ್ತರಿಸಿ ಬೆಂಕಿಗೆ ಹಾಕಿ, ಕೊರಳು ಕೊಯ್ಯುವ ಕ್ಷಣದಲ್ಲಿ ಹೆಂಗಸರು ಒಕ್ಕೊರಲಿನಿಂದ ಉಲಿಯುತ್ತಾರೆ. ರಕ್ತ ಬಲಿಪೀಠಕ್ಕೆ ತಾಗಬೇಕು.

ಮುಂದಿನದು ಹಂಚಿಕೆ. ತೊಡೆಯ ಮೂಳೆಗಳನ್ನು ಕೊಬ್ಬಿನಲ್ಲಿ ಸುತ್ತಿ, ಮೇಲೆ ದ್ರಾಕ್ಷಾರಸ ಸುರಿದು ಬೆಂಕಿಯಲ್ಲಿ ಸುಡುತ್ತಾರೆ. ಆ ಹೊಗೆ ಮೇಲೇರಿ ದೇವರನ್ನು ತಲುಪುತ್ತದೆ. ಹೃದಯ, ಯಕೃತ್ತು, ಶ್ವಾಸಕೋಶ, ಮೂತ್ರಪಿಂಡಗಳನ್ನು ಕಂಬಿಗೆ ಚುಚ್ಚಿ ಸುಟ್ಟು ಹತ್ತಿರ ನಿಂತವರು ಅಲ್ಲೇ ತಿನ್ನುತ್ತಾರೆ. ಉಳಿದ ಮಾಂಸವನ್ನು ಬೇಯಿಸಿ ನೆರೆದ ಜನರಿಗೆ ಹಂಚುತ್ತಾರೆ. ಅಥೆನ್ಸಿನ ಪಾನಾಥೆನಯಾ ಹಬ್ಬದಲ್ಲಿ ಇಂಥ ಹಂಚಿಕೆ ಕೆರಮೈಕೊಸ್ ಬಡಾವಣೆಯಲ್ಲಿ ನಡೆಯುತ್ತಿತ್ತು, ಮತ್ತು ಸಾಮಾನ್ಯ ನಾಗರಿಕನಿಗೆ ಗೋಮಾಂಸ ಸಿಗುತ್ತಿದ್ದುದು ಬಹುಮಟ್ಟಿಗೆ ಇಂಥ ದಿನಗಳಲ್ಲೇ. ಬಲಿಯ ಚರ್ಮಗಳನ್ನು ಮಾರಿ ಬಂದ ಹಣ ನಗರದ ಖಜಾನೆಗೆ ಹೋಗುತ್ತಿತ್ತು. ಆ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿಸಿದ್ದರು.

ಒಳ್ಳೆಯ ಮಾಂಸವೆಲ್ಲ ಮನುಷ್ಯನಿಗೆ, ಮೂಳೆ ಹೊಗೆ ದೇವರಿಗೆ. ಈ ಅಸಮ ಹಂಚಿಕೆ ಗ್ರೀಕರನ್ನೂ ಕಾಡಿತ್ತು. ಕವಿ ಹೆಸಿಯೊಡ್ ಹೇಳುವ ಕಥೆಯಲ್ಲಿ ಮನುಷ್ಯರ ಪಕ್ಷ ವಹಿಸಿದ ಪ್ರೊಮೆಥಿಯಸ್ ಮೂಳೆಗಳನ್ನು ಹೊಳೆಯುವ ಕೊಬ್ಬಿನಿಂದ ಮುಚ್ಚಿ, ಮಾಂಸವನ್ನು ಹೊಟ್ಟೆಯ ಚೀಲದಲ್ಲಿ ಅಡಗಿಸಿ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ದೇವರುಗಳ ರಾಜ ಜ್ಯೂಸ್‌ನ ಮುಂದಿಡುತ್ತಾನೆ. ಜ್ಯೂಸ್ ಕೊಬ್ಬಿನ ರಾಶಿಯನ್ನು ಆರಿಸಿಕೊಂಡು ಸಿಟ್ಟಾಗುತ್ತಾನೆ. ಅಂದಿನಿಂದ ದೇವರ ಪಾಲು ಮೂಳೆ. ಬಲಿ ಎಂದರೆ ದೇವರೂ ಮನುಷ್ಯರೂ ಒಂದೇ ಪ್ರಾಣಿಯನ್ನು ಪಾಲು ಮಾಡಿಕೊಳ್ಳುವ ಊಟ, ಮತ್ತು ಅದೇ ಊಟ ಅವರಿಬ್ಬರ ನಡುವಿನ ಗೆರೆಯನ್ನೂ ಎಳೆಯುತ್ತದೆ. ಹಸಿವಾಗುವವನು ಮಾಂಸ ತಿನ್ನುತ್ತಾನೆ, ಸಾವಿಲ್ಲದವನಿಗೆ ವಾಸನೆ ಸಾಕು.

ಈಗ ಪರ್ಷಿಯನ್ ಬಲಿ. ಹೆರೊಡೋಟಸ್ ಹುಟ್ಟಿದ್ದು ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಹ್ಯಾಲಿಕಾರ್ನಾಸಸ್‌ನಲ್ಲಿ. ಅದು ಆಗ ಪರ್ಷಿಯದ ಅಧೀನದಲ್ಲಿದ್ದ ಗ್ರೀಕ್ ಊರು. ಪರ್ಷಿಯನ್ ಬಲಿಯನ್ನು ಅವನು ವರ್ಣಿಸುವುದು ಮೊದಲು ಇಲ್ಲಗಳ ಮೂಲಕ: ಬಲಿಪೀಠ ಕಟ್ಟುವುದಿಲ್ಲ, ಬೆಂಕಿ ಹೊತ್ತಿಸುವುದಿಲ್ಲ, ತರ್ಪಣವಿಲ್ಲ, ಕೊಳಲಿಲ್ಲ, ಹೂಮಾಲೆಯಿಲ್ಲ, ಬಾರ್ಲಿ ಕಾಳಿಲ್ಲ. ಬಲಿ ಕೊಡುವವನು ಪ್ರಾಣಿಯನ್ನು ಶುದ್ಧವಾದ ಜಾಗಕ್ಕೆ ಕರೆದೊಯ್ಯುತ್ತಾನೆ. ಅವನ ಪೇಟಕ್ಕೆ ಮರ್ಟಲ್ ಗಿಡದ ಎಲೆಗಳನ್ನು ಸಿಕ್ಕಿಸಿರುತ್ತಾನೆ. ತನಗೊಬ್ಬನಿಗೇ ಒಳಿತಾಗಲೆಂದು ಬೇಡುವಂತಿಲ್ಲ. ದೊರೆಗೂ ಸಮಸ್ತ ಪರ್ಷಿಯನ್ನರಿಗೂ ಒಳ್ಳೆಯದಾಗಲಿ ಎಂದು ಬೇಡಬೇಕು, ಆ ಸಮಸ್ತರಲ್ಲಿ ತಾನೂ ಸೇರಿರುತ್ತಾನೆ. ಪ್ರಾಣಿಯನ್ನು ಕಡಿದು, ಮಾಂಸ ಬೇಯಿಸಿ, ಅತ್ಯಂತ ಮೆದುವಾದ ಹುಲ್ಲಿನ ಹಾಸಿನ ಮೇಲೆ ಹರಡುತ್ತಾನೆ. ಮಾಗಿ ಎಂಬ ಪುರೋಹಿತ ಕುಲದವನೊಬ್ಬ ಪಕ್ಕದಲ್ಲಿ ನಿಂತು ದೇವರುಗಳ ಹುಟ್ಟನ್ನು ಹೇಳುವ ಸ್ತೋತ್ರ ಹಾಡುತ್ತಾನೆ. ಸ್ವಲ್ಪ ಹೊತ್ತು ಕಾದು, ಯಜಮಾನ ಮಾಂಸವನ್ನೆಲ್ಲ ಮನೆಗೆ ಒಯ್ಯುತ್ತಾನೆ.

ಹಾಗಾದರೆ ದೇವರ ಪಾಲು? ನಾಲ್ಕು ಶತಮಾನಗಳ ನಂತರ ಬರೆದ ಭೂಗೋಳಕಾರ ಸ್ಟ್ರಾಬೊ ಇದಕ್ಕೆ ನೇರ ಉತ್ತರ ಕೊಡುತ್ತಾನೆ. ಪರ್ಷಿಯನ್ನರ ಪ್ರಕಾರ ದೇವರಿಗೆ ಬೇಕಾದುದು ಪ್ರಾಣಿಯ ಜೀವ ಮಾತ್ರ, ಬೇರೇನೂ ಅಲ್ಲ. ಆದ್ದರಿಂದ ಮಾಂಸದಲ್ಲಿ ದೇವರಿಗೆಂದು ಏನನ್ನೂ ಎತ್ತಿಡುವುದಿಲ್ಲ. ಗ್ರೀಕ್ ದೇವರು ಹೊಗೆಯ ರೂಪದಲ್ಲಾದರೂ ಊಟಕ್ಕೆ ಕೂರುತ್ತಾನೆ. ಪರ್ಷಿಯನ್ ದೇವರು ಸ್ತೋತ್ರ ಕೇಳುತ್ತಾನೆ, ಜೀವವನ್ನು ಸ್ವೀಕರಿಸುತ್ತಾನೆ, ಊಟಕ್ಕೆ ಬರುವುದಿಲ್ಲ. ಹುಲ್ಲಿನ ಹಾಸನ್ನು ಓದಿದ ಕೂಡಲೇ ನಮ್ಮಲ್ಲಿ ಕೆಲವರಿಗೆ ವೈದಿಕ ಯಜ್ಞದ ದರ್ಭೆಯ ಹಾಸು ನೆನಪಾಗಬಹುದು. ಆ ನೆನಪು ಆಕಸ್ಮಿಕವಲ್ಲ. ಇರಾನೀಯರೂ ವೈದಿಕ ಆರ್ಯರೂ ಒಂದೇ ಮೂಲದ ಆಚರಣೆಗಳನ್ನು ಹಂಚಿಕೊಂಡವರು. ಅಲ್ಲಿಯ ಯಸ್ನ ಇಲ್ಲಿಯ ಯಜ್ಞ, ಅಲ್ಲಿ ಅರೆದು ಹಿಂಡುವ ಹವೋಮ ಇಲ್ಲಿಯ ಸೋಮ. ಇರಾನೀಯರ ಪ್ರವಾದಿ ಜರತುಷ್ಟ್ರನ ಗಾಥೆಗಳೆಂಬ ಸ್ತೋತ್ರಗಳ ಭಾಷೆ ಋಗ್ವೇದದ ಭಾಷೆಗೆ ಬಹಳ ಹತ್ತಿರ. ಒಂದು ವ್ಯತ್ಯಾಸ ದೊಡ್ಡದು: ಆ ಪರಂಪರೆಯ ಪವಿತ್ರ ಗ್ರಂಥ ಅವೆಸ್ತಾದಲ್ಲಿ ಅಹುರ (ನಮ್ಮ ಅಸುರ) ಪೂಜ್ಯ, ದಏವ (ನಮ್ಮ ದೇವ) ದುಷ್ಟ.

ಮಂತ್ರ ಬಲ್ಲವನೂ ಚೀಟಿಯಲ್ಲಿ ಆಯ್ಕೆಯಾದವನೂ

ಮಾಗಿ ಪುರೋಹಿತನಿಲ್ಲದೆ ಪರ್ಷಿಯನ್ನರು ಬಲಿ ಕೊಡುವಂತಿರಲಿಲ್ಲ. ದೇವರಿಗೆ ಬೇಕಾದುದು ಸರಿಯಾದ ಮಾತಾದರೆ, ಆ ಮಾತನ್ನು ತಪ್ಪಿಲ್ಲದೆ ಬಲ್ಲವನು ಬೇಕೇ ಬೇಕು. ಅವೆಸ್ತಾ ಬರಹಕ್ಕೆ ಇಳಿದದ್ದು ಎಷ್ಟೋ ಶತಮಾನಗಳ ನಂತರ, ಇರಾನನ್ನು ಆಮೇಲೆ ಆಳಿದ ಸಸಾನಿಯರ ಕಾಲದಲ್ಲಿ. ಅಲ್ಲಿಯವರೆಗೂ ಅದು ತಂದೆಯ ಬಾಯಿಂದ ಮಗನ ಕಿವಿಗೆ ಇಳಿದು ಬಂದ ಪಾಠ. ಹೀಗಾಗಿ ಪೌರೋಹಿತ್ಯ ವಂಶಪಾರಂಪರ್ಯವಾಯಿತು.

ಗ್ರೀಕರಲ್ಲಿ ಹಾಗೆ ಒಂದು ಪುರೋಹಿತ ಕುಲವಿರಲಿಲ್ಲ, ಎಲ್ಲರನ್ನೂ ಕಟ್ಟಿಹಾಕುವ ಪವಿತ್ರ ಗ್ರಂಥವೂ ಇರಲಿಲ್ಲ. ಮನೆಯಲ್ಲಿ ಯಜಮಾನನೇ ಬಲಿ ಕೊಡುತ್ತಿದ್ದ, ರಣರಂಗದಲ್ಲಿ ಸೇನಾಪತಿ. ಗುಡಿಗಳಿಗೆ ಅರ್ಚಕರಿದ್ದರು ನಿಜ, ಆದರೆ ಅದು ಒಂದು ನಿರ್ದಿಷ್ಟ ಗುಡಿಯ ಹುದ್ದೆ. ಕೆಲವು ಹುದ್ದೆಗಳು ಕೆಲವು ಮನೆತನಗಳಿಗೆ ಮೀಸಲು. ಅಥೆನ್ಸಿನ ಅಥೀನಾ ಪೊಲಿಯಾಸ್‌ಳ ಅರ್ಚಕಿ ಎಟಿಯೊಬುಟಾಡ್ ಮನೆತನದವಳೇ ಆಗಬೇಕಿತ್ತು, ಅವರಲ್ಲಿ ಲಿಸಿಮಾಕೆ ಎಂಬಾಕೆ 64 ವರ್ಷ ಆ ಸ್ಥಾನದಲ್ಲಿದ್ದಳು. ಇನ್ನು ಕೆಲವು ಹುದ್ದೆಗಳಿಗೆ ಚೀಟಿ ಎತ್ತಿ ಆಯ್ಕೆ ನಡೆಯುತ್ತಿತ್ತು. ಏಷ್ಯಾ ಮೈನರಿನ ಗ್ರೀಕ್ ಊರುಗಳಲ್ಲಿ ಪೌರೋಹಿತ್ಯವನ್ನು ಹರಾಜು ಹಾಕಿ ಮಾರುತ್ತಿದ್ದರು. ನಮಗೆ ವಿಚಿತ್ರವೆನಿಸಿದರೂ ಗ್ರೀಕರ ತರ್ಕದಲ್ಲಿ ಇದು ಸರಿಯೇ. ಪೂಜೆ ಎಂಬುದು ನಗರ ತನ್ನ ದೇವರಿಗೆ ಕೊಡುವ ಊಟ. ಬಡಿಸುವವನು ಯೋಗ್ಯ ನಾಗರಿಕನಾಗಿದ್ದರೆ ಸಾಕು, ವಿಶೇಷ ವಿದ್ಯೆ ಬೇಕಿಲ್ಲ.

ಗುಡಿಯ ವಿಷಯಕ್ಕೂ ಇದೇ ತರ್ಕ. ಊಟಕ್ಕೆ ಬರುವ ದೇವರಿಗೆ ಮನೆಯೂ ಬೇಕು. ಗ್ರೀಕ್ ಗುಡಿ ಭಕ್ತರು ಸೇರುವ ಸಭಾಂಗಣವಲ್ಲ, ಮೂರ್ತಿಯ ಮನೆ. ಜನ ಸೇರುವುದು ಹೊರಗಿನ ಬಲಿಪೀಠದ ಸುತ್ತ. ಒಲಿಂಪಿಯದಲ್ಲಿ ಜ್ಯೂಸ್‌ನ ಬಲಿಪೀಠವೇ ಸುಟ್ಟ ತೊಡೆಮೂಳೆಗಳ ಬೂದಿಯ ದಿಬ್ಬವಾಗಿತ್ತು, 22 ಅಡಿ ಎತ್ತರ ಬೆಳೆದಿತ್ತು ಎಂದು ಪ್ರವಾಸಿ ಪೌಸಾನಿಯಸ್ ಬರೆದಿದ್ದಾನೆ. ಪರ್ಷಿಯನ್ನರಾದರೋ ಬೆಟ್ಟದ ತುದಿಗೆ ಹೋಗಿ ಇಡೀ ಆಕಾಶಮಂಡಲವನ್ನೇ ಕರೆಯುತ್ತಿದ್ದರು. ಸೂರ್ಯ, ಚಂದ್ರ, ಭೂಮಿ, ಅಗ್ನಿ, ನೀರು, ಗಾಳಿಗಳಿಗೆ ಬಲಿ ಕೊಡುತ್ತಿದ್ದರು. ದೇವರಿಗೆ ಮನುಷ್ಯನ ರೂಪವಿದೆ ಎಂದು ಅವರು ಗ್ರೀಕರಂತೆ ನಂಬುವುದಿಲ್ಲ, ಅದಕ್ಕೇ ಗುಡಿ ಕಟ್ಟುವವರನ್ನು ಮೂರ್ಖರೆನ್ನುತ್ತಾರೆ ಎಂದು ಹೆರೊಡೋಟಸ್ ಬರೆಯುತ್ತಾನೆ. ಸಿಸೆರೊ ಎಂಬ ರೋಮನ್ ವಾಗ್ಮಿ ಇದನ್ನೇ ಮುಂದಕ್ಕೆಳೆದು, ದೇವರನ್ನು ಗೋಡೆಗಳ ನಡುವೆ ಕೂಡಿಹಾಕಬಾರದೆಂಬ ಮಾಗಿಗಳ ಮಾತು ಕೇಳಿ ಕ್ಸರ್ಕ್ಸಿಸ್ ಗ್ರೀಕ್ ಗುಡಿಗಳನ್ನು ಸುಟ್ಟ ಎಂದ. ಇದನ್ನು ಒಪ್ಪುವುದು ಕಷ್ಟ. ಕ್ರಿ.ಪೂ. 498ರಲ್ಲಿ ಅಥೆನ್ಸಿನವರ ನೆರವಿನಿಂದ ಏಷ್ಯಾ ಮೈನರಿನ ಅಯೋನಿಯನ್ ಗ್ರೀಕರು ಪರ್ಷಿಯದ ಪ್ರಾಂತ್ಯ ರಾಜಧಾನಿ ಸಾರ್ಡಿಸ್ ನಗರವನ್ನು ಸುಟ್ಟಾಗ ಸಿಬೆಲೆ ದೇವಿಯ ಗುಡಿಯೂ ಉರಿದುಹೋಗಿತ್ತು. ಅಥೆನ್ಸಿನಲ್ಲಿ ಆದದ್ದು ಅದರ ಸೇಡು. ತತ್ತ್ವ ಕಾರಣವಾಗಿದ್ದರೆ ಡೆಲೊಸ್‌ನಲ್ಲಿ ಧೂಪ ಉರಿಯುತ್ತಿರಲಿಲ್ಲ.

ಬೆಂಕಿ ಆರಿಸಿದ ದಿನಗಳು

ಬೆಂಕಿ ಪರ್ಷಿಯನ್ನರಿಗೆ ಮಾತ್ರ ಪವಿತ್ರವಾಗಿತ್ತು ಎಂದು ನಂಬುವವರು ಪ್ಲಟೇಯ ಊರಿನ ಒಂದು ಕಥೆಯನ್ನು ಕೇಳಬೇಕು. ಕ್ರಿ.ಪೂ. 479ರಲ್ಲಿ ಅಲ್ಲಿ ಪರ್ಷಿಯನ್ ಸೈನ್ಯ ಸೋತ ಮೇಲೆ, ಯಾವ ಬಲಿ ಕೊಡಬೇಕೆಂದು ಗ್ರೀಕರು ಡೆಲ್ಫಿಯ ದೈವವಾಣಿಯನ್ನು ಕೇಳಿದರು. ಸೀಮೆಯ ಬೆಂಕಿಯೆಲ್ಲ ಪರಕೀಯರಿಂದ ಮೈಲಿಗೆಯಾಗಿದೆ, ಅದನ್ನು ಆರಿಸಿ ಡೆಲ್ಫಿಯ ಒಲೆಯಿಂದ ಶುದ್ಧ ಬೆಂಕಿ ತರುವವರೆಗೂ ಬಲಿ ಕೊಡಬೇಡಿ ಎಂಬ ಉತ್ತರ ಬಂತು. ಮನೆಮನೆಯ ಬೆಂಕಿ ಆರಿಸಲಾಯಿತು. ಯೂಕಿಡಾಸ್ ಎಂಬ ಪ್ಲಟೇಯದವನು ಡೆಲ್ಫಿಗೆ ಓಡಿ, ಬೆಂಕಿ ಹಿಡಿದು, ಸೂರ್ಯ ಮುಳುಗುವ ಮೊದಲೇ ಹಿಂತಿರುಗಿದ. ಒಂದೇ ದಿನದಲ್ಲಿ ಸಾವಿರ ಸ್ಟೇಡಿಯ, ಎಂದರೆ ಸುಮಾರು 180 ಕಿ.ಮೀ. ದೂರ. ಬೆಂಕಿ ಕೊಟ್ಟು, ಊರವರಿಗೆ ವಂದಿಸಿ, ಅಲ್ಲೇ ಕುಸಿದು ಸತ್ತ. ಕಥೆಯನ್ನು ಹೇಳಿದವನು ಗ್ರೀಕ್ ಜೀವನಚರಿತ್ರಕಾರ ಪ್ಲೂಟಾರ್ಕ್.

ಪರ್ಷಿಯದಲ್ಲೂ ಬೆಂಕಿ ಆರಿಸುವ ದಿನವೊಂದಿತ್ತು: ದೊರೆ ಸತ್ತಾಗ ಪವಿತ್ರಾಗ್ನಿಯನ್ನು ಆರಿಸುತ್ತಿದ್ದರು. ಗೆಳೆಯ ಹೆಫೆಸ್ಟಿಯನ್ ಸತ್ತಾಗ ಅಲೆಗ್ಸಾಂಡರ್ ಏಷ್ಯಾದಲ್ಲೆಲ್ಲ ಪವಿತ್ರಾಗ್ನಿ ಆರಿಸಲು ಆಜ್ಞೆ ಮಾಡಿದ. ದೊರೆಯ ಸಾವಿಗೆ ಮಾತ್ರ ನಡೆಯುವ ಆಚರಣೆ ಇದಾದ್ದರಿಂದ ಜನ ಅದನ್ನು ಅಪಶಕುನವೆಂದು ಬಗೆದರು ಎಂದು ಇತಿಹಾಸಕಾರ ಡಿಯೊಡೊರಸ್ ಹೇಳುತ್ತಾನೆ.

ಎರಡು ಕಡೆಯೂ ಬೆಂಕಿ ಶುದ್ಧವಾಗಿರಬೇಕು, ಎರಡು ಕಡೆಯೂ ಅದು ನಾಡಿನ ಪ್ರಾಣಕ್ಕೆ ಬೆಸೆದುಕೊಂಡಿದೆ. ಗ್ರೀಕ್ ನಗರದ ನಡುವೆ ಹೆಸ್ತಿಯಾ ದೇವಿಯ ಸಾರ್ವಜನಿಕ ಒಲೆ ಉರಿಯುತ್ತಿತ್ತು, ಹೊಸ ಊರು ಕಟ್ಟಲು ಹೊರಟವರು ಅದರಿಂದಲೇ ಬೆಂಕಿ ಒಯ್ಯುತ್ತಿದ್ದರು. ಆದರೂ ಗ್ರೀಕರ ಬೆಂಕಿ ಕೆಲಸ ಮಾಡುವ ಬೆಂಕಿ. ಅದು ಮೂಳೆ ಸುಡುತ್ತದೆ, ಮಾಂಸ ಬೇಯಿಸುತ್ತದೆ, ಹೆಣವನ್ನೂ ದಹಿಸುತ್ತದೆ. ಪರ್ಷಿಯನ್ ಅಗ್ನಿ ಸ್ವತಃ ಪೂಜ್ಯ. ಅದಕ್ಕೆ ಹೊಲಸು ತಾಗಬಾರದು. ಏಷ್ಯಾ ಮೈನರಿನ ಕಪ್ಪಡೋಸಿಯದಲ್ಲಿ ತಾನು ಕಂಡ ಅಗ್ನಿಮಂದಿರಗಳನ್ನು ಸ್ಟ್ರಾಬೊ ವಿವರವಾಗಿ ಬರೆದಿದ್ದಾನೆ: ಬೂದಿ ತುಂಬಿದ ಪೀಠದ ಮೇಲೆ ಆರದ ಬೆಂಕಿ, ಪ್ರತಿದಿನ ಸುಮಾರು ಒಂದು ಗಂಟೆ ಮಂತ್ರ, ಪುರೋಹಿತನ ಕೈಯಲ್ಲಿ ಕಡ್ಡಿಗಳ ಕಟ್ಟು, ತಲೆಯ ಮೇಲಿನ ಉಣ್ಣೆಯ ಟೊಪ್ಪಿಗೆ ಕೆನ್ನೆಗಳ ಮೇಲೆ ಇಳಿದು ತುಟಿ ಮುಚ್ಚುತ್ತಿತ್ತು. ಬೆಂಕಿಯನ್ನು ಬಾಯಿಂದ ಊದಿದವನಿಗೆ ಮರಣದಂಡನೆ, ಬೀಸಣಿಗೆಯಿಂದ ಬೀಸಬೇಕು. ಇಂದಿಗೂ ಪಾರ್ಸಿ ಪುರೋಹಿತರು ಅಗ್ನಿಯ ಮುಂದೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲೂ ಪಾರ್ಸಿಗಳ ಅಗ್ನಿಮಂದಿರವಿದೆ. ಪಾರ್ಸಿಯೇತರರಿಗೆ ಒಳಗೆ ಪ್ರವೇಶವಿಲ್ಲ.

ನೀರಿಗೂ ಇದೇ ಗೌರವ. ಪರ್ಷಿಯನ್ನರು ನದಿಯಲ್ಲಿ ಮೂತ್ರ ಮಾಡುವುದಿಲ್ಲ, ಉಗುಳುವುದಿಲ್ಲ, ಕೈಯನ್ನೂ ತೊಳೆಯುವುದಿಲ್ಲ ಎನ್ನುತ್ತಾನೆ ಹೆರೊಡೋಟಸ್. ಬಿರುಗಾಳಿಗೆ ಸೇತುವೆ ಮುರಿದುಬಿದ್ದಾಗ ಕ್ಸರ್ಕ್ಸಿಸ್ ಹೆಲೆಸ್ಪಾಂಟ್ ಜಲಸಂಧಿಗೆ 300 ಚಾಟಿಯೇಟು ಹೊಡೆಸಿದ ಕಥೆಯೂ ಅವನದೇ. ಆದರೆ ಅದೇ ದೊರೆ ಸೈನ್ಯ ದಾಟುವ ಮುಂಜಾನೆ ಸೂರ್ಯನಿಗೆ ಅಭಿಮುಖವಾಗಿ ನಿಂತು ಚಿನ್ನದ ಬಟ್ಟಲಿನಿಂದ ತರ್ಪಣ ಬಿಟ್ಟು, ಆ ಬಟ್ಟಲನ್ನೂ ಒಂದು ಚಿನ್ನದ ಪಾತ್ರೆಯನ್ನೂ ಒಂದು ಖಡ್ಗವನ್ನೂ ಸಮುದ್ರಕ್ಕೆ ಅರ್ಪಿಸಿದ. ಪರ್ಷಿಯನ್ ಬಲಿಯಲ್ಲಿ ತರ್ಪಣವಿಲ್ಲ ಎಂದ ಹೆರೊಡೋಟಸನೇ ಇದನ್ನೂ ಬರೆದಿದ್ದಾನೆ. ಚಾಟಿಯ ಕಥೆ ಎಲ್ಲರಿಗೂ ಗೊತ್ತು, ತರ್ಪಣದ ಕಥೆಯನ್ನು ನೆನೆಯುವವರು ಕಡಿಮೆ.

ಹಾವು, ಹೆಣ, ಸುಳ್ಳು

ಮಡಿ ಮೈಲಿಗೆಯ ಕಲ್ಪನೆ ಇಬ್ಬರಲ್ಲೂ ಗಟ್ಟಿಯಾಗಿತ್ತು, ಆದರೆ ಅದರ ಬೇರು ಬೇರೆ. ಗ್ರೀಕರಿಗೆ ಹುಟ್ಟು, ಸಾವು, ಕೊಲೆಗಳು ಮೈಲಿಗೆ, ಏಕೆಂದರೆ ಅವು ಮರ್ತ್ಯರ ಸಂಗತಿಗಳು. ಅಮರರ ನೆಲೆಗೆ ಅವನ್ನು ಒಯ್ಯಬಾರದು. ಗುಡಿಯ ಬಾಗಿಲಲ್ಲಿ ನೀರಿನ ತೊಟ್ಟಿ ಇಡುತ್ತಿದ್ದುದು ಇದಕ್ಕೇ. ಅಥೆನ್ಸಿನವರು ಕ್ರಿ.ಪೂ. 426ರ ಚಳಿಗಾಲದಲ್ಲಿ ಡೆಲೊಸ್ ದ್ವೀಪದ ಗೋರಿಗಳನ್ನೆಲ್ಲ ಅಗೆದು ಬೇರೆಡೆಗೆ ಸಾಗಿಸಿ, ಇನ್ನು ಮುಂದೆ ಈ ದ್ವೀಪದಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ಕಟ್ಟುಮಾಡಿದರು. ಗರ್ಭಿಣಿಯರನ್ನೂ ಸಾಯುವ ಸ್ಥಿತಿಯಲ್ಲಿದ್ದವರನ್ನೂ ಪಕ್ಕದ ದ್ವೀಪಕ್ಕೆ ಒಯ್ಯಬೇಕಿತ್ತು.

ಜರತುಷ್ಟ್ರನ ಪರಂಪರೆಯಲ್ಲಿ ಮೈಲಿಗೆ ಕೇಡಿನ ಶಕ್ತಿಯ ಆಯುಧ. ಜಗತ್ತನ್ನು ಸೃಷ್ಟಿಸಿದ ಅಹುರ ಮಜ್ದ ಒಳ್ಳೆಯವನು, ಸೃಷ್ಟಿಯೂ ಒಳ್ಳೆಯದು. ಸಾವು, ಕೊಳೆತ, ಸುಳ್ಳು ಹೊರಗಿನಿಂದ ನುಗ್ಗಿದ ಅಂಗ್ರ ಮೈನ್ಯುವಿನ ಕೆಲಸ. ಹೆಣ ಎಂದರೆ ಆ ಶತ್ರು ಗೆದ್ದ ಜಾಗ. ಆದ್ದರಿಂದ ಅದನ್ನು ಬೆಂಕಿಗಾಗಲಿ ನೀರಿಗಾಗಲಿ ಒಪ್ಪಿಸುವುದು ಮಹಾಪಾಪ. ಮಾಗಿಗಳ ಹೆಣಗಳನ್ನು ಹಕ್ಕಿಯೋ ನಾಯಿಯೋ ಹರಿದ ಮೇಲಷ್ಟೇ ಹೂಳುತ್ತಾರೆ, ಉಳಿದ ಪರ್ಷಿಯನ್ನರು ಹೆಣಕ್ಕೆ ಮೇಣ ಮೆತ್ತಿ ಮಣ್ಣಿಗಿಡುತ್ತಾರೆ ಎಂದು ಹೆರೊಡೋಟಸ್ ಬರೆದಿದ್ದಾನೆ. ಹಲವು ದೊರೆಗಳಿಗೆ ಬಂಡೆಯಲ್ಲಿ ಕೊರೆದ ಸಮಾಧಿಗಳಿದ್ದವು. ಪಸರ್ಗಡದಲ್ಲಿ ಸೈರಸ್‌ನ ಸಮಾಧಿಯನ್ನು ಕಾಯುತ್ತಿದ್ದ ಮಾಗಿ ಮನೆತನಕ್ಕೆ ದಿನಕ್ಕೊಂದು ಕುರಿ, ತಿಂಗಳಿಗೊಂದು ಕುದುರೆ ಸಲ್ಲುತ್ತಿತ್ತು. ಕುದುರೆ ಸೈರಸ್‌ನ ಹೆಸರಿನಲ್ಲಿ ಬಲಿಗೆ.

ಈ ಲೋಕದೃಷ್ಟಿ ಎಷ್ಟು ದೂರ ಹೋಗುತ್ತದೆಂಬುದಕ್ಕೆ ಹಾವೇ ಸಾಕ್ಷಿ. ಮಾಗಿಗಳು ನಾಯಿ ಮತ್ತು ಮನುಷ್ಯರನ್ನು ಬಿಟ್ಟು ಮಿಕ್ಕ ಜೀವಿಗಳನ್ನು ಕೈಯಾರೆ ಕೊಲ್ಲುತ್ತಿದ್ದರು. ಇರುವೆ, ಹಾವು, ಹರಿದಾಡುವುದು, ಹಾರಾಡುವುದು ಯಾವುದನ್ನೂ ಬಿಡದೆ ಕೊಲ್ಲುವುದನ್ನು ಹೆಮ್ಮೆಯೆಂದು ಬಗೆಯುತ್ತಿದ್ದರು. ಅವು ಕೇಡಿನ ಸೃಷ್ಟಿ, ಕೊಂದರೆ ಪುಣ್ಯ. ನಾಯಿ ಮಾತ್ರ ಒಳ್ಳೆಯ ಸೃಷ್ಟಿಯ ಕಾವಲುಗಾರ. ಗ್ರೀಸಿನಲ್ಲಿ ಇದು ತಲೆಕೆಳಗು. ಎಪಿಡೌರಸ್‌ನಲ್ಲಿ ವೈದ್ಯದೇವತೆ ಅಸ್ಕ್ಲೆಪಿಯಸ್‌ನ ಗುಡಿಯಲ್ಲಿ ಹಾವು ಪವಿತ್ರ. ಅಕ್ರೊಪೊಲಿಸ್‌ನ ಕಾವಲು ಹಾವಿಗೆ ಪ್ರತಿ ತಿಂಗಳು ಜೇನಿನ ಕಡುಬು ಇಡುತ್ತಿದ್ದರು; 480ರಲ್ಲಿ ಆ ಕಡುಬು ಹಾಗೇ ಉಳಿಯಿತೆಂದು ಅರ್ಚಕಿ ಹೇಳಿದಾಗ, ದೇವಿಯೇ ಗುಡ್ಡ ಬಿಟ್ಟು ಹೋದಳೆಂದು ಅಥೆನ್ಸಿನ ಜನ ಊರು ತೊರೆಯಲು ಅವಸರಪಟ್ಟರು. ನಾಯಿಯನ್ನಾದರೋ ಗ್ರೀಕರು ಹೆಕಾಟೆ ದೇವತೆಗೆ ಬಲಿ ಕೊಡುತ್ತಿದ್ದರು.

ಸತ್ತ ತಂದೆಯನ್ನು ಚಿತೆಗೇರಿಸುವುದು ಗ್ರೀಕರಿಗೆ ಗೌರವ, ಪರ್ಷಿಯನ್ನನಿಗೆ ಅಗ್ನಿಗೆ ಮಾಡಿದ ಅಪಚಾರ. ಈ ಭೇದವನ್ನು ಪರ್ಷಿಯದ ದೊರೆ ಡೇರಿಯಸ್ ಚೆನ್ನಾಗಿ ಅರಿತಿದ್ದನೆಂಬುದಕ್ಕೆ ಒಂದು ಪ್ರಸಿದ್ಧ ಪ್ರಸಂಗವಿದೆ. ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯನ್ನು ತಿನ್ನುತ್ತೀರಿ ಎಂದು ಕೇಳಿದ. ಎಷ್ಟು ಕೊಟ್ಟರೂ ಆಗದು ಎಂದರು ಅವರು. ಆಮೇಲೆ, ಸತ್ತ ತಂದೆತಾಯಿಯರನ್ನು ತಿನ್ನುವ ಪದ್ಧತಿಯಿದ್ದ ಕಲ್ಲಟಿಯೈ ಎಂಬ ಭಾರತೀಯ ಜನರನ್ನು ಕರೆದು, ಎಷ್ಟು ಕೊಟ್ಟರೆ ತಂದೆಯನ್ನು ಸುಡುತ್ತೀರಿ ಎಂದು ಕೇಳಿದ. ಅವರು ಚೀರಿ, ಅಂಥ ಮಾತು ಆಡಬೇಡಿ ಎಂದು ಬೇಡಿಕೊಂಡರು. ಪದ್ಧತಿಯೇ ಎಲ್ಲರ ಅರಸ ಎಂಬ ಕವಿ ಪಿಂಡಾರನ ನುಡಿಯನ್ನು ಹೆರೊಡೋಟಸ್ ಇಲ್ಲಿ ನೆನೆಯುತ್ತಾನೆ. ಆ ಭಾರತೀಯ ಜನರ ಬಗ್ಗೆ ಅವನು ಬರೆದುದನ್ನು ಅಕ್ಷರಶಃ ನಂಬಬೇಕಿಲ್ಲ; ಸುಡುವುದನ್ನು ಸ್ವತಃ ಒಪ್ಪದ ದೊರೆ ಹಾಕಿದ ಪ್ರಶ್ನೆ ಇದೆಂಬುದು ಗಮನಿಸಬೇಕಾದ ಅಂಶ.

ಕೇಡಿನ ಪಟ್ಟಿಯಲ್ಲಿ ಸುಳ್ಳಿಗೆ ಮೊದಲ ಸ್ಥಾನ. ಐದರಿಂದ ಇಪ್ಪತ್ತು ವರ್ಷದವರೆಗೆ ಪರ್ಷಿಯನ್ ಹುಡುಗರಿಗೆ ಕಲಿಸುತ್ತಿದ್ದುದು ಮೂರೇ: ಕುದುರೆ ಸವಾರಿ, ಬಿಲ್ಲುಗಾರಿಕೆ, ಸತ್ಯ ನುಡಿಯುವುದು. ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಡೇರಿಯಸ್ ಮೂರು ಭಾಷೆಗಳಲ್ಲಿ ಕೆತ್ತಿಸಿದ ಶಾಸನದಲ್ಲಿ ದಂಗೆಯೆದ್ದವರ ಮೇಲಿನ ಆರೋಪ ಒಂದೇ, ಅವರು ಸುಳ್ಳು ಹೇಳಿದರು. ಅಹುರ ಮಜ್ದನ ಕೃಪೆಯಿಂದ ನಾನು ದೊರೆ ಎಂದು ಅವನು ಮತ್ತೆ ಮತ್ತೆ ಸಾರುತ್ತಾನೆ. ಗ್ರೀಕರೂ ಆಣೆಗೆ ಹೆದರುತ್ತಿದ್ದರು, ಆಣೆಯ ಕಾವಲುಗಾರ ಜ್ಯೂಸ್‌ನೇ. ಆದರೆ ಅದೇ ಜ್ಯೂಸ್ ಪುರಾಣಗಳಲ್ಲಿ ವೇಷ ಮರೆಸಿ ಮೋಸ ಮಾಡಬಲ್ಲ. ಗ್ರೀಕ್ ದೇವರು ಮನುಷ್ಯನಿಂದ ಮರ್ಯಾದೆಯನ್ನು ಬಯಸುತ್ತಾನೆ, ಅಹುರ ಮಜ್ದ ಪಕ್ಷ ಆರಿಸಿಕೋ ಎನ್ನುತ್ತಾನೆ. ಸತ್ತ ಮೇಲೆ ಚಿನ್ವತ್ ಸೇತುವೆಯ ಬಳಿ ಆ ಆಯ್ಕೆಯ ತೀರ್ಪು ನಡೆಯುತ್ತದೆಂದು ಗಾಥೆಗಳು ಹೇಳುತ್ತವೆ. ಹೋಮರನ ಕಾವ್ಯದಲ್ಲಿ ಸತ್ತವರು ಹೆಚ್ಚುಕಡಿಮೆ ಎಲ್ಲರೂ ಒಂದೇ ಬಗೆಯ ಮಂಕು ನೆರಳುಗಳು. ಅದಕ್ಕಿಂತ ಮಿಗಿಲಾದುದನ್ನು ಬಯಸಿದವರು ಅಥೆನ್ಸಿನ ಬಳಿಯ ಎಲ್ಯೂಸಿಸ್‌ಗೆ ಹೋಗಿ ಗುಟ್ಟಿನ ದೀಕ್ಷೆ ಪಡೆಯುತ್ತಿದ್ದರು.

ಮಣ್ಣಿನ ಹಲಗೆಗಳು ಹೇಳುವುದು

ಇಲ್ಲಿಯವರೆಗೆ ಪರ್ಷಿಯನ್ನರ ಬಗ್ಗೆ ಹೇಳಿದ್ದರಲ್ಲಿ ಹೆಚ್ಚಿನ ಪಾಲು ಗ್ರೀಕರ ಬರಹದಿಂದ ಬಂದದ್ದು. ನೆರೆಯವನ ಕಣ್ಣು ಬೇಲಿಯಾಚೆ ಕಾಣುವುದನ್ನಷ್ಟೇ ಕಾಣುತ್ತದೆ. ಮಿಥ್ರ ಗಂಡುದೇವರು, ಹೆರೊಡೋಟಸ್ ಅವನನ್ನು ದೇವಿಯೆಂದು ತಪ್ಪಾಗಿ ಬರೆದ. ಪೂಜೆಯ ಬಗ್ಗೆ ಪರ್ಷಿಯನ್ನರ ಸ್ವಂತ ಲೆಕ್ಕಪತ್ರಗಳ ಸಾಕ್ಷ್ಯ ಬೆಳಕಿಗೆ ಬಂದದ್ದು 1933ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯದ ಉತ್ಖನನ ತಂಡಕ್ಕೆ ಪರ್ಷಿಯನ್ ರಾಜಧಾನಿ ಪರ್ಸೆಪೊಲಿಸ್‌ನ ಕೋಟೆಗೋಡೆಯೊಳಗೆ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕಾಗ. ಕ್ರಿ.ಪೂ. 509ರಿಂದ 493ರವರೆಗಿನ ಉಗ್ರಾಣದ ಲೆಕ್ಕಗಳು ಅವು, ಬಹುಪಾಲು ಪರ್ಷಿಯನ್ನರಿಗಿಂತ ಮೊದಲೇ ಅಲ್ಲಿ ನೆಲೆಸಿದ್ದ ಎಲಮೈಟರ ಭಾಷೆಯಲ್ಲಿ. ಯಾವ ದೇವರ ಸೇವೆಗೆ ಎಷ್ಟು ಧಾನ್ಯ, ಎಷ್ಟು ಬಿಯರ್, ಎಷ್ಟು ದ್ರಾಕ್ಷಾರಸ ಕೊಟ್ಟೆವು ಎಂಬ ನಮೂದುಗಳು ಅವುಗಳಲ್ಲಿವೆ. ಅಹುರ ಮಜ್ದನ ಜೊತೆಗೆ ಹುಂಬನ್ ಎಂಬ ಹಳೆಯ ಎಲಮೈಟ್ ದೇವರಿದ್ದಾನೆ, ಬೆಟ್ಟಗಳಿವೆ, ನದಿಗಳಿವೆ. ಉಗ್ರಾಣದಿಂದ ಹುಂಬನ್‌ಗೆ ಸಂದ ಪಡಿ ಅಹುರ ಮಜ್ದನಿಗೆ ಸಂದದ್ದಕ್ಕಿಂತ ಹೆಚ್ಚು! ಬಂಡೆಯ ಮೇಲಿನ ಶಾಸನದಲ್ಲಿ ದೊರೆ ಕರೆಯುವುದು ಮುಖ್ಯವಾಗಿ ಒಬ್ಬನನ್ನು, ಅವನ ಉಗ್ರಾಣ ಅಳೆದು ಕೊಡುತ್ತಿದ್ದುದು ಹಲವರಿಗೆ. ಆ ಶಾಸನಗಳಲ್ಲಿ ಜರತುಷ್ಟ್ರನ ಹೆಸರು ಒಮ್ಮೆಯೂ ಬರುವುದಿಲ್ಲ, ಹಾಗಾಗಿ ಅಕೆಮೆನಿಡ್ ದೊರೆಗಳು ಜರತುಷ್ಟ್ರನ ಅನುಯಾಯಿಗಳೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಿಂದೆ ದಏವಗಳನ್ನು, ಎಂದರೆ ದುಷ್ಟ ದೇವರುಗಳನ್ನು, ಪೂಜಿಸುತ್ತಿದ್ದ ಜಾಗವೊಂದನ್ನು ನಾಶಮಾಡಿ ಅಲ್ಲಿ ಅಹುರ ಮಜ್ದನನ್ನು ಪೂಜಿಸಿದೆ ಎಂದು ಕ್ಸರ್ಕ್ಸಿಸ್ ಒಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಊರಿನ ಹೆಸರು ಹೇಳಿಲ್ಲ. ಅವನ ಸಹನೆಗೂ ಒಂದು ಮಿತಿಯಿತ್ತು.

ಮೂರ್ತಿಯಿಲ್ಲದ ಪೂಜೆಯೂ ಶಾಶ್ವತವಾಗಿ ಉಳಿಯಲಿಲ್ಲ. ಕ್ರಿ.ಪೂ. 404ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಅರ್ತಕ್ಸರ್ಕ್ಸಿಸ್ ತನ್ನ ಶಾಸನಗಳಲ್ಲಿ ಅಹುರ ಮಜ್ದನ ಜೊತೆಗೆ ಮಿಥ್ರನನ್ನೂ ಜಲದೇವತೆ ಅನಾಹಿತಾಳನ್ನೂ ಕರೆದ. ಬ್ಯಾಬಿಲಾನ್, ಸೂಸಾ, ಎಕ್ಬಟಾನಾ ಮೊದಲಾದ ನಗರಗಳಲ್ಲಿ ಅನಾಹಿತಾಳ ಮೂರ್ತಿಗಳನ್ನು ನಿಲ್ಲಿಸಿದವನೂ ಅವನೇ ಎಂದು ಬ್ಯಾ­ಬಿಲಾನಿನ ಪುರೋಹಿತ ಬೆರೊಸಸ್ ದಾಖಲಿಸಿದ್ದಾನೆ. ಪರ್ಷಿಯನ್ನರು ಗ್ರೀಕರಿಂದ ಶಕುನವನ್ನೂ ಎರವಲು ಪಡೆದಿದ್ದರು. ಪ್ಲಟೇಯದಲ್ಲಿ ಪರ್ಷಿಯನ್ ಸೇನಾನಿ ಮಾರ್ಡೋನಿಯಸ್ ಹೆಗೆಸಿಸ್ಟ್ರಾಟಸ್ ಎಂಬ ಗ್ರೀಕ್ ಶಕುನಗಾರನನ್ನು ಹಣ ಕೊಟ್ಟು ಇಟ್ಟುಕೊಂಡು, ಗ್ರೀಕ್ ರೀತಿಯ ಬಲಿಯ ಫಲ ಕೇಳುತ್ತಿದ್ದ. ಎದುರಿನ ಸ್ಪಾರ್ಟಾದವರಿಗೂ ಅವರದೇ ಶಕುನಗಾರ. ರಕ್ಷಣೆಗೆ ನಿಂತರೆ ಶುಭ, ಮುನ್ನುಗ್ಗಿದರೆ ಅಶುಭ ಎಂದು ಎರಡೂ ಕಡೆಯ ಪ್ರಾಣಿಗಳ ಕರುಳು ಒಂದೇ ಉತ್ತರ ಕೊಟ್ಟದ್ದರಿಂದ ಎರಡು ಸೈನ್ಯಗಳೂ ದಿನಗಟ್ಟಲೆ ಎದುರುಬದುರು ಕುಳಿತಿದ್ದವು.

ಸಾಮ್ರಾಜ್ಯ ಅಳಿದ ಮೇಲೆ ಈ ಬೆರಕೆ ಕಲ್ಲಿನಲ್ಲೇ ನಿಂತಿತು. ಇಂದಿನ ಟರ್ಕಿಯ ನೆಮ್ರುತ್ ಬೆಟ್ಟದ ಮೇಲೆ ಕ್ರಿ.ಪೂ. ಮೊದಲ ಶತಮಾನದಲ್ಲಿ ಕಮ್ಮಗೀನೆಯ ದೊರೆ ಆಂಟಿಯೋಕಸ್ ಕೂರಿಸಿದ ಬೃಹತ್ ಮೂರ್ತಿಗಳಿಗೆ ಜೋಡಿ ಹೆಸರುಗಳಿವೆ: ಜ್ಯೂಸ್-ಒರೊಮಾಸ್ಡೆಸ್ (ಅಹುರ ಮಜ್ದನ ಗ್ರೀಕ್ ಹೆಸರು), ಅಪೊಲೊ-ಮಿಥ್ರಸ್-ಹೀಲಿಯೊಸ್-ಹರ್ಮಿಸ್. ಶಾಸನ ಗ್ರೀಕ್ ಭಾಷೆಯಲ್ಲಿ, ಅರ್ಚಕರು ಪರ್ಷಿಯನ್ ಉಡುಪು ತೊಡಬೇಕೆಂಬ ಆಜ್ಞೆ ಆ ಶಾಸನದಲ್ಲಿ.

ಮುಂದೆ ಎರಡು ಪದ್ಧತಿಗಳ ಹಣೆಬರಹ ಬೇರೆಬೇರೆಯಾಯಿತು. ಕ್ರಿ.ಶ. 391 ಮತ್ತು 392ರಲ್ಲಿ ರೋಮನ್ ಚಕ್ರವರ್ತಿ ಥಿಯೊಡೊಸಿಯಸ್ ಬಲಿಯನ್ನೂ ಗುಡಿಪೂಜೆಯನ್ನೂ ನಿಷೇಧಿಸಿದ, ನಗರವೇ ನಡೆಸುತ್ತಿದ್ದ ಗ್ರೀಕರ ಪೂಜೆಗೆ ಆಶ್ರಯ ತಪ್ಪಿತು. ಅದನ್ನು ಹೊತ್ತು ಬೇರೆಡೆಗೆ ಒಯ್ಯಲು ಪುರೋಹಿತ ಕುಲವಾಗಲಿ ಬಾಯಿಪಾಠದ ಮಂತ್ರಗಳಾಗಲಿ ಗ್ರೀಕರಲ್ಲಿ ಇರಲಿಲ್ಲ. ಇರಾನಿನಲ್ಲಿ ಏಳನೆಯ ಶತಮಾನದ ನಂತರ ರಾಜಾಶ್ರಯ ಕಳೆದುಕೊಂಡ ಜರತುಷ್ಟ್ರನ ಪರಂಪರೆಯ ಬಳಿ ಅವೆರಡೂ ಇದ್ದವು. ಯಜ್ದ್ ಮತ್ತು ಕೆರ್ಮಾನ್‌ಗಳಲ್ಲಿ ಅದು ಉಳಿಯಿತು, ಗುಜರಾತಿನ ಕರಾವಳಿಗೂ ಬಂತು. ಉದ್ವಾಡದ ಅಗ್ನಿಮಂದಿರದಲ್ಲಿ ಇರಾನ್‌ಶಾಹ್ ಎಂಬ ಅಗ್ನಿ ಇಂದಿಗೂ ಉರಿಯುತ್ತಿದೆ. ಯಸ್ನದ 72 ಅಧ್ಯಾಯಗಳನ್ನೂ ಅವುಗಳ ನಡುವೆ ಬರುವ 17 ಗಾಥೆಗಳನ್ನೂ ಪಾರ್ಸಿ ಪುರೋಹಿತರು ಈಗಲೂ ಬಾಯಿಪಾಠವಾಗಿ ಹೇಳುತ್ತಾರೆ.